ಕೆರೆಯ ನಡುವಿಗಷ್ಟೇ ಒಂದು ಮೋಟಾರು

ಉತ್ತರಿ ಮಳೆ ಮುಗಿಯುತ್ತಿದ್ದಂತೆ ಕಮಲಾಪುರದ ಕೆರೆಯ ಮೇಲೆ ಗಾಳಿ ಸತ್ತು ಬೀಳುತ್ತದೆ. ಅದಕ್ಕೂ ಮುಂಚೆ ಪಡುವಣ ಗಾಳಿ ಹೋಗುವಾಗಲೂ ಬರುವಾಗಲೂ ದೋಣಿಯ ಮಗ್ಗುಲಿಗೆ ಸಿಗುತ್ತದೆ. ಹಾಯಿ ತುಂಬಿಕೊಂಡು ದೋಣಿ ತಾನೇ ನಡೆಯುತ್ತದೆ, ನಾವು ಹಿಂದೆ ಕೂತು ಎಲೆ ಅಡಿಕೆ ಹಾಕಿಕೊಂಡರೂ ನಡೆಯುತ್ತದೆ. ಗಾಳಿ ನಿಂತ ಮೇಲೆ ಅದೇ ದೋಣಿ ಬರೀ ಕಟ್ಟಿಗೆ. ಆಗ ನೆಲಕ್ಕೆ ಊರಿ ದೋಣಿ ದೂಡುವ ಗಳ ಬೇಕು, ಗಳ ಹಾಕುವ ತೋಳು ಬೇಕು.

ಆ ವರ್ಷ ನಮ್ಮ ಮನೆಯಲ್ಲಿ ತೋಳಿರಲಿಲ್ಲ. ನನ್ನ ಮಗ ಬೇಸಿಗೆಯಲ್ಲಿ ಕೆರೆಯ ಕಟ್ಟೆಯ ಮೆಟ್ಟಿಲಿನಿಂದ ಜಾರಿ ಬಲಭುಜ ಕಳಚಿಕೊಂಡಿದ್ದ. ಕಲಬುರಗಿಯ ಶಹಾಬಜಾರದಲ್ಲಿ ಎಲುಬು ಕೂಡಿಸುವವನ ಹತ್ತಿರ ಕರೆದುಕೊಂಡು ಹೋದೆವು. ಎಲುಬು ಕೂಡಿತು, ಆದರೆ ತೋಳು ಭುಜಕ್ಕಿಂತ ಮೇಲೆ ಏಳಲಿಲ್ಲ. ಊಟ ಮಾಡಬಹುದು, ಬೀಡಿ ಸೇದಬಹುದು. ಗಳ ಎತ್ತಲಾಗದು.

ಕೆಲಸವೆಂದರೆ ಬಾಳೆಹಣ್ಣು ಸಾಗಿಸುವುದು. ಗೌಡ್ತಿಯ ಕೆಂಪು ಬಾಳೆಯ ತೋಟ ಕೆರೆಯ ಆಚೆ ದಂಡೆಯಲ್ಲಿದೆ. ಊರು ಮತ್ತು ಕಲಬುರಗಿಯ ದಾರಿ ಈಚೆ ಇವೆ. ಸುತ್ತು ಹಾಕಿ ಗಾಡಿಯಲ್ಲಿ ತರಬೇಕೆಂದರೆ ಎರೆ ಮಣ್ಣಿನಲ್ಲಿ ಗಾಲಿ ಅಚ್ಚಿನ ತನಕ ಹೂಳುತ್ತದೆ, ಕುಲುಕಾಟಕ್ಕೆ ಹಣ್ಣು ಕಪ್ಪಾಗುತ್ತದೆ. ಅದಕ್ಕೇ ನಮ್ಮ ದೋಣಿ. ನಮ್ಮ ಕಡೆ ದೋಣಿಗೆ ಹಾಯಿ ಕಟ್ಟುವವರು ಕಡಿಮೆ. ನನ್ನ ಗಂಡ ಕೃಷ್ಣೆಯ ದಂಡೆಯಲ್ಲಿ ದುಡಿಯಲು ಹೋದಾಗ ನೋಡಿ ಕಲಿತು ಬಂದಿದ್ದ. ಅವನು ಹೋದ ಮೇಲೆ ಮಗ ನಡೆಸಿದ. ಮಗನ ತೋಳು ಹೋದ ಮೇಲೆ ನಾನೇ ಗಳ ಹಿಡಿದೆ. ಆಗಲೇ ಮೊಮ್ಮಗಳನ್ನು ಕಂಡವಳು ನಾನು. ದಂಡೆಯ ಹತ್ತಿರ ಹೇಗೋ ನಡೆಸಿದೆ. ನಡುವೆ ನೀರು ಆಳ, ಗಳಕ್ಕೆ ನೆಲ ಸಿಗುವುದಿಲ್ಲ. ಅಲ್ಲಿ ಹುಟ್ಟು ಹಾಕುತ್ತಾ ಕೂತರೆ ಬೆಳಿಗ್ಗೆ ಕೊಯ್ದ ಗೊನೆ ಬಿಸಿಲಿಗೆ ಬೆಂದು ದಂಡೆ ಮುಟ್ಟುತ್ತಿತ್ತು.

ಗೌಡ್ತಿ ಎರಡು ಸಲ ಹಾಗೇ ಇಳಿಸಿಕೊಂಡಳು. ಮೂರನೆಯ ಸಲ ಕಟ್ಟೆಯ ಮೇಲೆ ನಿಂತು ಮಾತಾಡಿದಳು.

"ಏನಬೇ, ದಸರಿ ಹಣ್ಣು ಹಿಂಗೇ ತರ್ತೀಯೇನು? ಕಲಬುರಗ್ಯಾಗ ದೇವಿ ಘಟ ಕೂಡೋ ಮುಂಚೆ ಹಣ್ಣು ಹೋಗಬೇಕು. ಬಾಡಿದ್ದು ಯಾರ್ ತಗೋತಾರ?"

"ಗಾಳಿ ಇಲ್ಲರೀ ಅವ್ವಾರ."

"ಗಾಳಿ ನನ್ನ ಮನ್ಯಾಗ ಕೂತದೇನು? ದಸರಿ ಹಣ್ಣು ತಡಾ ಆತಂದ್ರ ಗಾಡಿ ದಾರಿಗಿ ಕಲ್ಲು ಹಾಸಸ್ತೀನಿ ನೋಡು."

ಬರೀ ಮಾತಲ್ಲ. ಕಟ್ಟೆಯ ತುದಿಯಲ್ಲಿ ಆಗಲೇ ಗಾಡಿಗಟ್ಟಲೆ ಕಲ್ಲು ಇಳಿಸಿದ್ದಳು. ಒಮ್ಮೆ ದಾರಿಗೆ ಕಲ್ಲು ಬಿದ್ದರೆ ಆಮೇಲೆ ಗಾಳಿ ಬಂದರೂ ದೋಣಿಯನ್ನು ಯಾರೂ ಕೇಳುವುದಿಲ್ಲ. ಅದು ನನಗೂ ಗೊತ್ತು, ಆಕೆಗೂ ಗೊತ್ತು.

ಮೋಟಾರಿನ ಮಾತು ತೆಗೆದವನು ಕೆರೆಯ ತೂಬು ನೋಡಲು ಬಂದ ಓವರ್ಸಿಯರ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಸಾಹೇಬರು ಹಾಯಿ ದೋಣಿಯ ಹಿಂದೆ ಸಣ್ಣ ಎಂಜಿನು ತೂಗುಹಾಕುತ್ತಾರಂತೆ. ಗಾಳಿ ಇದ್ದಾಗ ಹಾಯಿ, ಇಲ್ಲದಾಗ ಎಂಜಿನು. ಅಂಥದ್ದೇ ಕಲಬುರಗಿಯ ಸ್ಟೇಶನ್ ಬಜಾರದ ಒಂದು ಅಂಗಡಿಯಲ್ಲಿ ಧೂಳು ತಿನ್ನುತ್ತಾ ಬಿದ್ದಿದೆ ಅಂದ. ಗೌಡ್ತಿಗೆ ಹೇಳಿದೆ. "ನೋಡ್ಕೊಂಡು ಬರ್ರಿ. ಆದ್ರ ಹಣ್ಣಿಗೆ ಎಣ್ಣಿ ವಾಸನಿ ಬಂದ್ರ ನಾ ಬಿಡಂಗಿಲ್ಲ" ಅಂದಳು. ರೊಕ್ಕದ ಮಾತನ್ನು ಆಕೆ ಅಂಗಡಿಯವನ ಜೊತೆ ತಾನೇ ಮುಗಿಸಿಕೊಂಡಳು. ಅದು ನನ್ನ ಕಥೆಯಲ್ಲ.

ಮಗನ ಜೊತೆ ಕಲಬುರಗಿಗೆ ಹೋಗುವ ಮುಂಚೆ ಒಂದು ಹಗ್ಗ ತೆಗೆದುಕೊಂಡು ದೋಣಿಯ ಅಂಚಿನಿಂದ ನೀರಿನ ತನಕ ಇಳಿಬಿಟ್ಟೆ. ಖಾಲಿ ದೋಣಿಗೆ ಒಂದು ಗಂಟು ಹಾಕಿದೆ, ಗೊನೆ ತುಂಬಿದ ದೋಣಿಗೆ ಇನ್ನೊಂದು. ಎಂಜಿನಿನ ಕಾಲು ನೀರಿನೊಳಗೆ ಮುಳುಗಿರಬೇಕು ಅಂತ ಓವರ್ಸಿಯರ ಹೇಳಿದ್ದ. ಎಷ್ಟು ಮುಳುಗಬೇಕು ಅಂತ ಅವನಿಗೂ ಗೊತ್ತಿರಲಿಲ್ಲ.

ಅಂಗಡಿಯಲ್ಲಿದ್ದವನು ಮಿಸ್ತ್ರಿ. ಶಹಾಬಜಾರದ ಮುಸಲ್ಮಾನ, ಮೈಯೆಲ್ಲ ಗ್ರೀಸು.

"ಬರ್ರಿ ಅಮ್ಮಾ. ಹೊಲಿಗಿ ಮಷೀನ್ ಬೇಕೇನು?"

"ಹೊಲಿಗಿ ಕೈಲೇ ಹಾಕ್ತೀನಿ. ದೋಣಿಗಿ ಕಟ್ಟೋ ಮೋಟಾರ್ ಅದ ಅಂತಲ್ಲ, ಅದನ್ನ ತೋರ್ಸು."

ಅವನು ನನ್ನನ್ನು ಒಮ್ಮೆ ನೋಡಿದ, ಮಗನ ತೋಳನ್ನು ಒಮ್ಮೆ ನೋಡಿದ, ಗೋಣಿಚೀಲ ಸರಿಸಿದ. ಎರಡಿದ್ದವು. "ಶಿಕಾರಿ ಸಾಹೇಬ್ರ ಸಲುವಾಗಿ ತರ್ಸಿದ್ದು. ಬಾತು ಹೊಡೀಲಿಕ್ಕಿ ಹೋಗ್ತಿದ್ರು. ಸಾಹೇಬ್ರ ತಬಾದಲಾ ಆತು, ಅವರು ಬ್ಯಾರೆ ಊರಿಗಿ ಹೋದ್ರು, ಇವು ಉಳದಾವ."

ಒಂದು ದೊಡ್ಡದು, ಕಾಲು ಉದ್ದ. ಇನ್ನೊಂದು ಸಣ್ಣದು, ಕಾಲು ಗಿಡ್ಡ, ಕುದುರೆಶಕ್ತಿ ದೊಡ್ಡದರ ಅರ್ಧ. ಎರಡಕ್ಕೂ ತಲೆಯ ಮೇಲೆ ಒಂದು ಗಾಲಿ. ಗಾಲಿಗೆ ಹಗ್ಗ ಸುತ್ತಿ ಜಗ್ಗಿದರೆ ಎಂಜಿನು ಹತ್ತಿಕೊಳ್ಳುತ್ತದೆ. ಕೆಳಗೆ ನೀರು ತಳ್ಳುವ ಪಂಖ. ನನ್ನ ಹಗ್ಗ ಹಿಡಿದು ನೋಡಿದೆ. ದೊಡ್ಡದರ ಕಾಲು ಎರಡೂ ಗಂಟುಗಳನ್ನು ದಾಟಿ ಕೆಳಗಿಳಿಯಿತು. ಸಣ್ಣದು ತುಂಬಿದ ದೋಣಿಗೆ ಸರಿ, ಖಾಲಿ ದೋಣಿಯಲ್ಲಿ ಅದರ ಪಂಖ ನೀರು ಮುಟ್ಟದೆ ಬರೀ ಗಾಳಿ ಬೀಸುತ್ತಿತ್ತು.

"ದೊಡ್ಡದೇ ಇರ್ಲಿ ಅವ್ವಾ," ಅಂದ ಮಗ. "ನನ್ನ ತೋಳು ಹೋಗ್ಯದ. ಅದರ ಬದಲಿಗಿ ಬರೋದು ಗಟ್ಟಿ ಇರಬೇಕಲ್ಲ."

ನನಗೂ ಅದೇ ಸರಿ ಅನ್ನಿಸಿತು. ದೊಡ್ಡದು ಸಣ್ಣ ಕೆಲಸವನ್ನೂ ಮಾಡುತ್ತದೆ, ಸಣ್ಣದು ದೊಡ್ಡ ಕೆಲಸ ಮಾಡದು. ಮಿಸ್ತ್ರಿ ಅದನ್ನು ಜಾಂಗಡದ ಮೇಲೆ ಕೊಟ್ಟ. ಎಂದರೆ ಒಯ್ದು ನಡೆಸಿ ನೋಡುವುದು, ಒಪ್ಪಿದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ತಿರುಗಿಸುವುದು. ಇಬ್ಬರು ಹಮಾಲರು ಅದನ್ನು ಉಸ್ಸಪ್ಪಾ ಅನ್ನುತ್ತಾ ಹೊತ್ತು ಗಾಡಿಗೆ ಹಾಕಿದರು. ಅದನ್ನು ಕಣ್ಣಾರೆ ನೋಡಿಯೂ ನಮ್ಮಿಬ್ಬರಿಗೂ ಏನೂ ಹೊಳೆಯಲಿಲ್ಲ.

ನಮ್ಮ ದೋಣಿಗೆ ಎರಡೂ ಕಡೆ ಮೂಗು ಚೂಪು, ಹಿಂದೆ ಚಪ್ಪಟೆ ಹಲಗೆ ಇಲ್ಲ. ಸಾಹೇಬರ ದೋಣಿಯಂತೆ ಹಿಂದೆ ತೂಗುಹಾಕಲು ಜಾಗವಿರಲಿಲ್ಲ. ಊರಿನ ಬಡಿಗೇರ ದೋಣಿಯ ಹಿಂಭಾಗ ಕೊಯ್ದು ಹಲಗೆ ಕೂಡಿಸೋಣ ಅಂದ. ಕೊಯ್ದ ಮೇಲೆ ಸೋರಿದರೆ ಹಣ್ಣಿನ ಜೊತೆ ನಾವೂ ಮುಳುಗುತ್ತೇವೆ, ಬೇಡ ಅಂದೆ. ಎಡ ಮಗ್ಗುಲಿಗೆ ಜಾಲಿ ಕಟ್ಟಿಗೆಯ ಅಡ್ಡಪಟ್ಟಿ ಬಡಿಸಿ ಅಲ್ಲಿ ಕಟ್ಟಿದೆವು. ದೋಣಿ ಎಡಕ್ಕೆ ವಾಲಿತು. ಬಲಕ್ಕೆ ಕಲ್ಲಿಟ್ಟು ಸರಿತೂಗಿಸಿದೆವು. ಸೊಸೆ ಕೆರೆಯ ಗಂಗಮ್ಮನಿಗೆ ಉಡಿ ತುಂಬಿ, ಮೋಟಾರಿಗೂ ಒಂದು ಚಿಟಿಕೆ ಕುಂಕುಮ ಹಚ್ಚಿದಳು.

ಬಡಿಗೇರ ಹಗ್ಗ ಜಗ್ಗಿಕೊಟ್ಟ. ಖಾಲಿ ದೋಣಿ ಓಡಿದ್ದು ಓಡಿದ್ದೇ. ಕಟ್ಟೆಯ ಮೇಲೆ ಬಟ್ಟೆ ಒಗೆಯುವವರು ಕೂಗಿದರು. ಮಗನ ಮುಖ ನೋಡಬೇಕಿತ್ತು. ಆಚೆ ದಂಡೆಯಲ್ಲಿ ಗೊನೆ ತುಂಬಿಕೊಂಡು, ತೋಟದ ಆಳಿನಿಂದ ಹಗ್ಗ ಜಗ್ಗಿಸಿಕೊಂಡು ತಿರುಗಿದೆವು. ಆ ಕಡೆ ತಾವರೆಯ ಬಳ್ಳಿ ದಟ್ಟ. ಹೋಗುವಾಗ ಹಗುರ ದೋಣಿ ಓಟದಲ್ಲೇ ದಾಟಿತ್ತು, ಈಗ ಭಾರಕ್ಕೆ ಪಂಖ ಆಳಕ್ಕಿಳಿದಿತ್ತು. ಹತ್ತು ಮಾರು ಬಂದಿರಬೇಕು, ಪಂಖಕ್ಕೆ ಬಳ್ಳಿ ಸುತ್ತಿಕೊಂಡು ಎಂಜಿನು ಕೆಮ್ಮಿ ಸತ್ತಿತು.

ಬಳ್ಳಿ ಬಿಡಿಸಬೇಕಾದರೆ ಮೋಟಾರನ್ನು ನೀರಿನಿಂದ ಮೇಲಕ್ಕೆ ಮಗುಚಬೇಕು. ಮಗ ಎಡಗೈ ಹಾಕಿದ, ಆಗಲಿಲ್ಲ. ನಾನೂ ಹೋಗಿ ಕೈ ಹಾಕಿದೆ. ಇಬ್ಬರೂ ಒಂದೇ ಮಗ್ಗುಲಿಗೆ ಬಂದದ್ದೇ ತಡ, ದೋಣಿ ವಾಲಿ ನೀರು ಒಳಗೆ ಬಂತು. ಅಂಚಿನಲ್ಲಿದ್ದ ಗೊನೆಗಳು ಜಾರಿ ಕೆರೆಗೆ ಬಿದ್ದವು. "ಹಿಂದ ಸರಿ ಅವ್ವಾ!" ಅಂತ ಅವನು, "ನೀ ಸರಿಯೋ!" ಅಂತ ನಾನು. ಕೊನೆಗೆ ನಾನು ಕುಡುಗೋಲು ಹಿಡಿದು ಬೋರಲು ಮಲಗಿ ನೀರೊಳಗೆ ಬಳ್ಳಿ ಕೊಯ್ದೆ. ಮತ್ತೆ ಹಗ್ಗ ಜಗ್ಗಬೇಕಲ್ಲ. ಮಗನ ಬಲಗೈ ಏಳದು. ಎಡಗೈಗೆ ಆ ಗಾಲಿ ಬಗ್ಗದು. ನಾನು ಜಗ್ಗಿದರೆ ಗಾಲಿ ಹಿಂದಕ್ಕೆ ಒದ್ದು ಹಗ್ಗದ ತುದಿ ಮಣಿಕಟ್ಟಿಗೆ ಹೊಡೆಯಿತು. ಹುಟ್ಟು ಹಾಕಿಕೊಂಡೇ ಮನೆಗೆ ಬಂದೆವು, ಮೇಲೆ ಆ ಕಬ್ಬಿಣದ ಭಾರ ಬೇರೆ.

ಮಗ ಬಿಡಲಿಲ್ಲ. ಮರುದಿನ ಓಣಿಯ ಗೆಳೆಯನೊಬ್ಬನನ್ನು ಕರೆತಂದು ಹಗ್ಗ ಜಗ್ಗಿಸಿದ. ಎಂಜಿನು ನಡೆಯಿತು. ಆದರೆ ಪೆಟ್ರೋಲಿಗೆ ಬೆರೆಸುವ ಎಣ್ಣೆ ತೀರಿತ್ತು. ಈ ಎಂಜಿನಿಗೆ ಎಣ್ಣೆಯನ್ನು ಬೇರೆ ಹಾಕುವುದಿಲ್ಲ, ಪೆಟ್ರೋಲಿನಲ್ಲೇ ಬೆರೆಸಿ ಕುಡಿಸಬೇಕು. ಮಿಸ್ತ್ರಿ ಕೊಟ್ಟ ಕರೀ ಎಣ್ಣೆಯ ಡಬ್ಬಿ ಸಣ್ಣದು. ಗೌಡ್ತಿ ಕಟ್ಟೆಯ ಮೇಲಿಂದ ಕೇಳಿಸಿಕೊಂಡಳು.

"ಎಣ್ಣಿ ಸಲುವಾಗಿ ಕಲಬುರಗಿ ತನಕ ಹೋಗ್ತೀರೇನು? ನಮ್ಮ ಗಾಣದ ಕುಸುಬಿ ಎಣ್ಣಿ ಅದ. ಮನುಷ್ಯಾರು ಉಣ್ಣೋದು, ಮಷೀನಿಗಿ ಆಗಂಗಿಲ್ಲೇನು?"

ತಂಬಿಗೆ ತುಂಬ ಕಳಿಸಿದಳು. ಹೊಂಬಣ್ಣದ ತಾಜಾ ಎಣ್ಣೆ. ಬೆರೆಸಿದೆವು. ಎಂಜಿನು ಹತ್ತಿಕೊಂಡಿತು. ಅಂದು ಕೆರೆಯ ಮೇಲೆಲ್ಲ ಮಿರ್ಚಿ ಭಜಿ ಕರಿದ ವಾಸನೆ. ದಂಡೆಯಲ್ಲಿ ಮೀನು ಹಿಡಿಯುವವನೊಬ್ಬ "ಒಂದ್ ಪ್ಲೇಟ್ ಕೊಡ್ರಬೇ" ಅಂತ ಕೂಗಿದ. ಹಣ್ಣು ಬೇಗ ಬಂತು, ನಿಜ. ಗೌಡ್ತಿ ಒಂದು ಚಿಪ್ಪು ಎತ್ತಿ ಮೂಸಿದಳು, ಕೆಳಗಿಟ್ಟಳು.

"ಇದನ್ನ ದೇವರ ಮುಂದ ಇಡ್ತಾರೇನು? ಭಜಿ ಅಂಗಡ್ಯಾಗ ಇಡ್ರಿ."

ಅದಕ್ಕೂ ಮರುದಿನ ಗಾಲಿ ತಿರುಗಲಿಲ್ಲ. ಗೆಳೆಯ ಜಗ್ಗಿದ, ನಾಲ್ಕು ಮಂದಿ ಜಗ್ಗಿದರು. ಹಗ್ಗ ಹರಿಯಿತು, ಗಾಲಿ ಕಲ್ಲು. ಬಸ್ಸಿನವನ ಕೈಯಲ್ಲಿ ಹೇಳಿ ಕಳಿಸಿದಾಗ ಮಿಸ್ತ್ರಿ ಚೀಲ ಹಿಡಿದುಕೊಂಡು ಬಂದ. ಕಟ್ಟೆಯ ಬೇವಿನ ಮರದ ಕೆಳಗೆ ಚಾದರ ಹಾಸಿ ಎಂಜಿನು ಬಿಚ್ಚಿದ. ಒಳಗಿನ ಕೊಳವೆಯಲ್ಲಿ ಹಿಂದೆ ಮುಂದೆ ಓಡಾಡುವ ದಿಂಡು ಅದಕ್ಕೇ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದ, ಮೂಸಿದ.

"ಏನು ಹಾಕೀರಿ ಇದಕ್ಕ?"

"ಕುಸುಬಿ ಎಣ್ಣಿ."

"ಯಾ ಅಲ್ಲಾ! ಮೋಟಾರಿಗಿ ಒಗ್ಗರಣಿ ಕೊಟ್ಟೀರಲ್ಲರೀ!"

ಅವನ ಉಗುರಿನಲ್ಲಿದ್ದದ್ದನ್ನು ನಾನು ಮುಟ್ಟಿ ನೋಡಿದೆ. ಕಂದು ಬಣ್ಣ, ತೊಗಲಿನ ಹಾಗೆ ಗಟ್ಟಿ. ನಮ್ಮ ಹಾಯಿಯ ಬಟ್ಟೆಗೆ ಇರುವುದೂ ಅದೇ. ಮಳೆಗೆ ತಡೆಯಲಿ ಅಂತ ಪ್ರತಿ ವರ್ಷ ಕುಸುಬಿ ಎಣ್ಣೆ ಕುದಿಸಿ ಹಾಯಿಗೆ ಬಳಿದು ಬಿಸಿಲಿಗೆ ಹಾಕುತ್ತೇವೆ. ಒಣಗಿದರೆ ಅಂಟು, ಆಮೇಲೆ ತೊಗಲು. ಹಾಯಿಗೆ ಅದು ಗುಣ, ಎಂಜಿನಿಗೆ ರೋಗ. ಊರಿಗೆ ಊರೇ ಕುಸುಬಿ ಎಣ್ಣೆ ಉಂಡು ಬೆಳೆದದ್ದು. ಅಲ್ಲಿ ನಿಂತಿದ್ದ ಒಬ್ಬರಿಗೂ ಅದನ್ನು ಹಾಕಬಾರದು ಅನ್ನಿಸಿರಲಿಲ್ಲ.

"ನಮ್ಮ ಎಣ್ಣಿ ಚಲೋನೇ ಅದ," ಅಂದಳು ಗೌಡ್ತಿ. "ನಿನ್ನ ಮಷೀನಿಗೇ ಜೀರ್ಣ ಆಗಿಲ್ಲ." ಸೆರಗು ಸರಿಮಾಡಿಕೊಂಡು ಹೋದಳು. ಹೋಗುವಾಗ ಕಲ್ಲಿನ ಗುಡ್ಡೆಯ ಕಡೆ ಒಮ್ಮೆ ನೋಡಿದಳು, ನನಗೆ ಕಾಣುವಂತೆಯೇ.

ಮಿಸ್ತ್ರಿ ದಿಂಡನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಕೆರೆದು, ತಿಕ್ಕಿ, ಹೊತ್ತು ಇಳಿಯುವ ತನಕ ಕೂತು ಬಿಡಿಸಿದ. ನಾನು ಪಕ್ಕದಲ್ಲಿ ಕೂತು ಪಂಖಕ್ಕೆ ಸುತ್ತಿದ್ದ ತಾವರೆ ಬಳ್ಳಿಯ ಎಳೆ ಕೀಳುತ್ತಿದ್ದೆ. ಕೈಗೆ ಕೆಲಸವಿದ್ದರೆ ನನ್ನ ತಲೆ ನಡೆಯುತ್ತದೆ. ನಮಗೆ ಈ ಮೋಟಾರು ಎಲ್ಲಿ ಬೇಕು? ಈಚೆ ದಂಡೆಯಲ್ಲಿ ಜೊಂಡು, ಆಚೆ ದಂಡೆಯಲ್ಲಿ ತಾವರೆ. ಎರಡೂ ಕಡೆ ಪಂಖ ನಡೆಯುವುದಿಲ್ಲ, ಅಲ್ಲಿ ಗಳವೇ ಗತಿ, ಅದನ್ನು ನಾನು ಹಾಕಬಲ್ಲೆ. ಗಳಕ್ಕೆ ನೆಲ ಸಿಗದ ನಡುವಿನ ನೀರಿಗಷ್ಟೇ ಮೋಟಾರು ಬೇಕು. ಅಷ್ಟಕ್ಕೆ ಓಟ ಬೇಕಿಲ್ಲ. ಹಾಗಾದರೆ ಪ್ರತಿ ಸಲವೂ ಅದನ್ನು ಇಳಿಸಬೇಕು, ಮತ್ತೆ ಎತ್ತಬೇಕು. ಇಳಿಸುವವನು ಯಾರು, ಎತ್ತುವವನು ಯಾರು? ನಾವು ಇಷ್ಟು ದಿನ ಮೋಟಾರು ಎಷ್ಟು ಎಳೆಯುತ್ತದೆ ಅಂತ ನೋಡಿದೆವು. ಮಗ ಎಷ್ಟು ಎತ್ತುತ್ತಾನೆ ಅಂತ ನೋಡಲೇ ಇಲ್ಲ.

"ಈಗ ನಡೀತದ ಅಮ್ಮಾ," ಅಂದ ಮಿಸ್ತ್ರಿ. "ಇಟ್ಕೋತೀರೋ, ವಾಪಸ್ಸೋ?"

"ಇಟ್ಕೋತೀವಿ" ಅಂದ ಮಗ.

"ವಾಪಸ್" ಅಂದೆ ನಾನು. "ಸಣ್ಣದು ನೋಡ್ತೀವಿ."

ಮಗನ ಮುಖ ಕೆಂಪಾಯಿತು. "ದೊಡ್ಡದು ಬಿಟ್ಟು ಸಣ್ಣದು ತಂದ್ರ ಊರಾಗ ಏನಂತಾರ? ಕೈಯಿಲ್ಲದವಗ ಆಟದ ಸಾಮಾನು ಕೊಡ್ಸ್ಯಾರ ಅಂತಾರ."

"ಅನ್ನಲಿ. ಊರಿನವ್ರು ಕೆರಿ ನಡುವ ಬಂದು ಎತ್ತಿಕೊಡ್ತಾರೇನು?"

"ದಿನಾ ಗೆಳ್ಯಾ ಬರ್ತಾನ."

"ದಿನಾ ಬರಂಗಿಲ್ಲ. ಬಂದ್ರ ದೋಣಿ ಅವಂದೇ ಆಗ್ತದ."

ಅಂದು ಅವನು ರೊಟ್ಟಿಯನ್ನು ಸರಿಯಾಗಿ ಉಣ್ಣಲಿಲ್ಲ. "ಸ್ವಲ್ಪ ಮೆಲ್ಲಗ ಹೇಳಬಾರದೇನ್ರೀ ಅತ್ತಿ" ಅಂದಳು ಸೊಸೆ. ಮೆಲ್ಲಗೆ ಹೇಳಿದರೆ ತೋಳು ಮೇಲೆ ಏಳುತ್ತದೆಯೇ?

ಮತ್ತೆ ಸ್ಟೇಶನ್ ಬಜಾರ. ರೈಲು ಬಂದ ಹೊತ್ತು, ಅಂಗಡಿಯ ಮುಂದೆ ಹಮಾಲರು, ಟಾಂಗಾದವರು, ಯಾತ್ರೆಯ ಮಂದಿ. ಸಣ್ಣ ಮೋಟಾರು ನೆಲದ ಮೇಲಿತ್ತು.

"ಎಡಗೈಲೆ ಎತ್ತು" ಅಂದೆ.

"ಇಲ್ಲೇನವ್ವಾ? ಎಲ್ಲಾರ ಮುಂದ?"

"ಕೆರಿ ನಡುವ ಯಾರೂ ಇರಂಗಿಲ್ಲ. ಇಲ್ಲೇ ನೋಡಿಕೊಳ್ಳೂಣು."

ನನ್ನನ್ನು ನೋಡಿದ ನೋಟ ನೆನಪಿದೆ. ಬಗ್ಗಿದ. ಎಡಗೈಯಲ್ಲಿ ಹಿಡಿದು, ಮೊಳಕಾಲಿಗೆ ತಾಗಿಸಿ, ಹಲಗೆಯ ಮೇಲಿಟ್ಟ. ಮತ್ತೆ ಕೆಳಗಿಟ್ಟ. ಮತ್ತೆ ಎತ್ತಿದ. ಎರಡನೆಯ ಸಲ ಎತ್ತು ಅಂತ ಯಾರೂ ಹೇಳಿರಲಿಲ್ಲ.

ಇನ್ನು ಹಗ್ಗ. ಮಿಸ್ತ್ರಿ ನೀರು ತುಂಬಿದ ಪೀಪಾಯಿಯ ಅಂಚಿಗೆ ಮೋಟಾರು ಬಿಗಿದ. ಗಾಲಿ ತಿರುಗುವ ದಿಕ್ಕು ಒಂದೇ. ಬಲಗೈಯವನು ನಿಲ್ಲುವ ಜಾಗದಲ್ಲಿ ನಿಂತು ಎಡಗೈಯಿಂದ ಜಗ್ಗಿದರೆ ಹಗ್ಗ ಮೈಗೆ ಸುತ್ತುತ್ತದೆ. ಮಗ ಒಮ್ಮೆ ಹಾಗೆ ಮಾಡಿ ಮುಗ್ಗರಿಸಿದ. ಮಿಸ್ತ್ರಿ ಗಡ್ಡ ಕೆರೆದುಕೊಂಡು ಪೀಪಾಯಿಯ ಸುತ್ತ ಒಂದು ಸುತ್ತು ಹಾಕಿ, "ಈ ಕಡಿ ಬರ್ರಿ, ಇಧರ್. ಮೈ ಹಗ್ಗದ ಹೊರಗ ಇರ್ಲಿ" ಅಂದ. ಮಗ ಜಾಗ ಬದಲಿಸಿ ಜಗ್ಗಿದ. ಕೆಮ್ಮಿತು. ಇನ್ನೊಮ್ಮೆ ಜಗ್ಗಿದ. ಹತ್ತಿಕೊಂಡಿತು. ಪಂಖ ತಿರುಗಿ ಪೀಪಾಯಿಯ ನೀರೆಲ್ಲ ಚಿಮ್ಮಿ ಮಿಸ್ತ್ರಿಗೆ, ಹಮಾಲರಿಗೆ, ನನಗೆ ಅಭಿಷೇಕ. "ಬಂದ್ ಕರೋ! ಬಂದ್ ಕರೋ!" ಅಂತ ಮಿಸ್ತ್ರಿ ಕುಣಿದ. ಮಗ ನಕ್ಕ. ಭುಜ ಕಳಚಿದ ಮೇಲೆ ಅವನು ಹಲ್ಲು ಬಿಟ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ಆದ್ರ ಅಮ್ಮಾ," ಅಂದ ಮಿಸ್ತ್ರಿ ಮುಖ ಒರೆಸಿಕೊಳ್ಳುತ್ತಾ, "ಖಾಲಿ ದೋಣ್ಯಾಗ ಇದರ ಪಂಖ ನೀರಿಗಿ ಹತ್ತಂಗಿಲ್ಲ. ಮತ್ತ ಬಹಳ ಮೆಲ್ಲಗ ಹೋಗ್ತದ."

"ಖಾಲಿ ಹೋಗಂಗಿಲ್ಲ. ಹೋಗಾಗ ತೋಟಕ್ಕ ತಿಪ್ಪಿಗೊಬ್ಬರ ಒಯ್ತೀವಿ. ಮೆಲ್ಲಗ ಹೋದ್ರ ಹೋಗಲಿ, ಹುಟ್ಟು ಹಾಕೋದಕ್ಕಿಂತ ಜಲ್ದಿ ಅದ."

ಗೊಬ್ಬರದ ಮಾತು ಅಲ್ಲೇ ಬಾಯಿಗೆ ಬಂದದ್ದು. ಎರೆ ಮಣ್ಣಿನಲ್ಲಿ ಗೊಬ್ಬರದ ಗಾಡಿಯೂ ಹೂಳುತ್ತಿತ್ತು, ಬಾಳೆಗೆ ಗೊಬ್ಬರ ಸಾಲದೆ ಗೌಡ್ತಿ ಒದ್ದಾಡುತ್ತಿದ್ದಳು. ಕರೀ ಎಣ್ಣೆಯ ದೊಡ್ಡ ಡಬ್ಬಿಯನ್ನು ಈ ಸಲ ಕೇಳಿ ತೆಗೆದುಕೊಂಡೆ.

ಮನೆಗೆ ಬಂದು ಜಾಲಿಯ ಅಡ್ಡಪಟ್ಟಿಯನ್ನು ಎಡದಿಂದ ಕಿತ್ತು ಬಲಕ್ಕೆ ಬಡಿಸಿದೆವು, ಮಗ ಮೈ ಹೊರಗಿಟ್ಟು ಜಗ್ಗಲು ಬರುವಂತೆ. ಉಳಿದದ್ದು ವಾಸನೆ. ಹಳೆಯ ಹಾಯಿಯೊಂದು ಅಟ್ಟದ ಮೇಲಿತ್ತು. ಕುಸುಬಿ ಎಣ್ಣೆ ಕುಡಿದು ಕುಡಿದು ತೊಗಲಾದದ್ದು, ಹೊಗೆ ಅದರಲ್ಲಿ ಹಾಯುವುದಿಲ್ಲ. ಅದನ್ನು ಮೋಟಾರಿಗೂ ಹಣ್ಣಿಗೂ ನಡುವೆ ಪರದೆಯಂತೆ ಕಟ್ಟಿದೆ. ಗೊಬ್ಬರ ಇಳಿಸಿದ ಮೇಲೆ ದೋಣಿ ತೊಳೆದು, ಬಾಳೆ ಎಲೆ ಹಾಸಿ, ಗೊನೆಗಳನ್ನೆಲ್ಲ ಮುಂದಕ್ಕೆ ಒಟ್ಟುವುದು ಅಂತ ಗೊತ್ತುಮಾಡಿಕೊಂಡೆವು.

ದಸರೆಯ ಹಣ್ಣು ಕೊಯ್ದ ದಿನ ಕೆರೆ ಕನ್ನಡಿಯಂತಿತ್ತು. ಎಲೆ ಅಲುಗಲಿಲ್ಲ. ಹೋಗುವಾಗ ಗೊಬ್ಬರ ಒಯ್ದೆವು. ಬರುವಾಗ ತಾವರೆಯ ನಡುವೆ ನಾನು ಗಳ ಹಾಕಿದೆ, ಮಗ ಮೋಟಾರನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಕೂತಿದ್ದ. ಗಳ ನೆಲ ಬಿಟ್ಟಿತು. "ಇಳಸು" ಅಂದೆ. ಇಳಿಸಿದ, ಬಿಗಿದ, ಜಗ್ಗಿದ. ಹತ್ತಲಿಲ್ಲ. ನಾನು ಹುಟ್ಟಿನ ಕಡೆ ಕೈ ಚಾಚಿದೆ. "ಇರಬೇ, ಅವಸರ ಮಾಡಬ್ಯಾಡ" ಅಂತ ನನಗೇ ಗದರಿಸಿ ಮತ್ತೆ ಹಗ್ಗ ಸುತ್ತಿದ. ಹತ್ತಿತು. ಎಮ್ಮೆ ಈಜುವ ಹಾಗೆ ದೋಣಿ ನಡೆಯಿತು, ಆದರೆ ನಿಲ್ಲದೆ ನಡೆಯಿತು. ಜೊಂಡು ಬರುವ ಮುಂಚೆಯೇ, ನಾನು ಹೇಳುವ ಮುಂಚೆಯೇ, ಅವನು ಎಂಜಿನು ನಿಲ್ಲಿಸಿ ಎಡಗೈಯಲ್ಲಿ ಮೇಲಕ್ಕೆತ್ತಿದ. ನಾನು ಗಳ ಹಾಕಿದೆ.

ಗೌಡ್ತಿ ಕಟ್ಟೆಯ ಮೇಲೆ ನಿಂತಿದ್ದಳು. ಕಲಬುರಗಿಗೆ ಹೋಗುವ ಗಾಡಿ ಎತ್ತು ಕಟ್ಟಿಕೊಂಡು ಕಾಯುತ್ತಿತ್ತು. ಮೊದಲ ಗೊನೆ ಇಳಿಸಿದಾಗ ಬಗ್ಗಿ ಮೂಸಿದಳು. ಪರದೆಯ ಹತ್ತಿರವಿದ್ದ ಕೊನೆಯ ಗೊನೆಯನ್ನೂ ಮೂಸಿದಳು. ಅದರಲ್ಲಿ ತೋಟದಲ್ಲೇ ಹಣ್ಣಾಗಿದ್ದ ಒಂದನ್ನು ಕಿತ್ತು, ಸುಲಿದು, ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

ನುಂಗಿದ ಮೇಲೆ ಗಾಡಿಯವನ ಕಡೆ ತಿರುಗಿ, "ಹೇರ್ರಿ, ಹೊತ್ತಾಗ್ತದ" ಅಂದಳು. ಆಮೇಲೆ ನನಗೆ ಹೇಳಿದಳು: "ಆ ಕಲ್ಲು ಸುಮ್ಮ ಬಿದ್ದಾವ. ದೋಣ್ಯಾಗ ಒಂದೊಂದು ಸಲ ಒಂದಿಷ್ಟು ಒಯ್ರಿ, ತೋಟದಾಗ ಗೊಬ್ಬರದ ಗುಂಡಿ ಕಟ್ಟಸ್ತೀನಿ."

ಸಿಪ್ಪೆಯನ್ನು ನನ್ನ ಕೈಗೆ ಕೊಟ್ಟು ಇಳಿದು ಹೋದಳು. ನಾನು ಮೂಸಿ ನೋಡಿದೆ. ಬಾಳೆಹಣ್ಣಿನ ವಾಸನೆಯೇ ಇತ್ತು.